ಭಾಗ 4: ಪಿಯಾನೋದೊಳಗೊಂದು ಟೆಲಿಫೋನ್ ಎಕ್ಸ್‌ಚೇಂಜ್

ಡಿಜಿಟಲ್ ಪಿಯಾನೋಗೆ ಹೆಡ್‌ಫೋನ್ ಹಾಕಿದ್ರೆ ಸೌಂಡ್ ಸಣ್ಣಗೆ, ಡಬ್ಬಿಯೊಳಗಿಂದ ಬಂದ ಹಾಗೆ ಕೇಳ್ತಿದೆಯಾ? ರಿಪೇರಿಗೆ ದುಡ್ಡು ಸುರಿಯೋ ಮುಂಚೆ ಆ ದಪ್ಪ ತೂತಿನ ಚರಿತ್ರೆ ಓದಿ.

1878ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಮೊದಲ ವಾಣಿಜ್ಯ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಯಿತು. ಮುಂದೆ ಇಂಥ ಕಡೆಗಳಲ್ಲಿ ಆಪರೇಟರ್‌ಗಳು ದಿನವಿಡೀ ವೈರಿನ ತುದಿಯ ಪ್ಲಗ್ಗನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿ ಕರೆ ಜೋಡಿಸುತ್ತಿದ್ದರು. (ತೋಳು ನೋವು ಬರದೆ ಇರುತ್ತಾ!) ನಿಮ್ಮ ಪಿಯಾನೋದ 6.35 ಮಿ.ಮೀ. ಜಾಕ್ ಅದೇ ವಂಶದ್ದು. ಪ್ಲಗ್ಗಿನ ಭಾಗಗಳಿಗೆ ಇವತ್ತಿಗೂ ಇರೋ 'ಟಿಪ್', 'ರಿಂಗ್', 'ಸ್ಲೀವ್' ಅನ್ನೋ ಹೆಸರುಗಳೂ ಅಲ್ಲಿಂದಲೇ ಬಂದವು.

ಈಗ ಟಿಪ್ ಎಡಕಿವಿಗೆ, ರಿಂಗ್ ಬಲಕಿವಿಗೆ. ಸ್ಲೀವ್ ಎರಡಕ್ಕೂ ವಾಪಸ್ ದಾರಿ. ಆ ವಾಪಸ್ ದಾರಿ ಕಡಿದರೆ ಎರಡೂ ಕಡೆ ಒಂದೇ ಥರ ಇರೋ ಸ್ವರ ಪರಸ್ಪರ ಅಳಿಸಿಹೋಗಿ, ವ್ಯತ್ಯಾಸ ಮಾತ್ರ ಉಳಿಯುತ್ತೆ. ಅದೇ ಡಬ್ಬಿ ಸೌಂಡ್! ಪ್ಲಗ್ಗನ್ನು ಕೊನೆತನಕ ಒತ್ತಿ. ಆಮೇಲೆ ಅಡಾಪ್ಟರ್ ಬದಲಿಸಿ ನೋಡಿ, ನನ್ನ ಮೊದಲ ಅನುಮಾನ ಯಾವಾಗಲೂ ಅದರ ಮೇಲೆಯೇ.

ಸೌಂಡ್ ಸ್ವಚ್ಛವಾಗಿದ್ದೂ ಮೆಲ್ಲಗಿದ್ದರೆ ಹೆಡ್‌ಫೋನಿನ ಓಮ್ ನೋಡಿ. ಸ್ಟುಡಿಯೋಗೆಂದು ಮಾಡಿದ ಕೆಲವು 250, 600 ಓಮ್‌ನವು; ಅವಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಫೋನ್, ವಾಕ್‌ಮನ್‌ಗೆ ಬರೋ 32 ಓಮ್‌ನಂಥದ್ದು ಹಾಕಿ ಹೋಲಿಸಿ.

ಒಂದು ಮಾತು: ವಾಲ್ಯೂಮ್ ಪೂರ್ತಿ ಏರಿಸಿಟ್ಟು ಪ್ಲಗ್ ಅಲ್ಲಾಡಿಸಬೇಡಿ. ಸಂಪರ್ಕ ಸಿಕ್ಕ ಕ್ಷಣವೇ ಪೆಟ್ಟು ಬೀಳೋದು ಕಿವಿಗೆ.