ಒಂಬತ್ತು ಬ್ಯಾಂಕುಗಳನ್ನು ನುಂಗಿದ ಬ್ಯಾಂಕಿನ ಕತೆ

ಮೊನ್ನೆ ಸಾಕಿನಾಕಾದ ನನ್ನ ಗಾಲಾಕ್ಕೆ (ಸಣ್ಣ ಕಾರ್ಖಾನೆಯ ಕೋಣೆಗೆ ಮುಂಬಯಿಯಲ್ಲಿ ಹಾಗನ್ನುತ್ತಾರೆ) ಒಬ್ಬರು ಬಂದರು. ಗುರುತು ಪರಿಚಯ ಇಲ್ಲದವರು. ವಸಾಯಿಯಲ್ಲಿ ಪ್ಯಾಕಿಂಗ್ ಡಬ್ಬ ಮಾಡುವ ಕಂಪನಿಯಂತೆ. ನನ್ನದು ಆರು ಜನರ ಪ್ರಿಂಟಿಂಗ್, ಬೈಂಡಿಂಗ್ ಉದ್ಯೋಗ. ಎರಡನ್ನೂ ಒಂದು ಮಾಡಿಬಿಡೋಣ ಎಂದು ಹಿಂದಿಯಲ್ಲಿ ಹೇಳಿ, ಚಾ ಕುಡಿದು, ಕಾರ್ಡು ಇಟ್ಟು ಹೋದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಅದರ ಸಾಲಿಗೆ "ಕಂಪನಿ ಕೂಡಿಸಿ ನೋಡು" ಅಂತಲೂ ಸೇರಿಸಬೇಕು ಅನ್ನಿಸಿತು.

ಭಾನುವಾರ ಲೋಕಲ್ ಹಿಡಿದು ಡೊಂಬಿವಲಿಯ ಶೆಟ್ಟರ ಮನೆಗೆ ಹೋದೆ. ವಿಜಯಾ ಬ್ಯಾಂಕಿನಿಂದ ನಿವೃತ್ತರಾದವರು.

"ಶೆಟ್ರೇ, ಕೂಡುವುದಾ ಬೇಡವಾ?"

"ನಮ್ಮ ಬ್ಯಾಂಕಿನ ಕತೆ ನಿಮಗೆ ಗೊತ್ತುಂಟಲ್ಲ ಭಟ್ರೇ, ಅದನ್ನೇ ಒಮ್ಮೆ ಕೂತು ಲೆಕ್ಕ ಹಾಕಿ" ಅಂದರು. ಹಾಕಿದೆ. ನಿಮ್ಮ ಮುಂದೆಯೂ ಇಡುತ್ತೇನೆ.

ಅತ್ತಾವರ ಬಾಲಕೃಷ್ಣ ಶೆಟ್ಟರು 1931ರ ಅಕ್ಟೋಬರ್ 23ರಂದು ಮಂಗಳೂರಿನಲ್ಲಿ ಸುರು ಮಾಡಿದ್ದು ವಿಜಯಾ ಬ್ಯಾಂಕು. ವಿಜಯದಶಮಿಯ ಹೊತ್ತಿಗೆ ಹುಟ್ಟಿದ್ದರಿಂದ ಆ ಹೆಸರು. ಮೂವತ್ತು ವರ್ಷ ಅದೂ ಸಣ್ಣದೇ. ದೇಶದ ತುಂಬ ಆಗ ಸಣ್ಣ ಬ್ಯಾಂಕುಗಳೇ. 1951ರಲ್ಲಿ ಒಟ್ಟು 566 ಇದ್ದವು. 1960ರ ಆಗಸ್ಟಿನಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿತು. ಠೇವಣಿ ಇಟ್ಟವರು ಕಂಗಾಲು. ಅದೇ ವರ್ಷ ಕಾನೂನಿಗೆ ತಿದ್ದುಪಡಿ ಬಂತು. ದುರ್ಬಲ ಬ್ಯಾಂಕನ್ನು ಇನ್ನೊಂದರ ಜೊತೆ ಕಡ್ಡಾಯವಾಗಿ ಸೇರಿಸಲು ರಿಸರ್ವ್ ಬ್ಯಾಂಕಿಗೆ ದಾರಿಯಾಯಿತು. 1969ರ ಹೊತ್ತಿಗೆ ಉಳಿದದ್ದು 89 ಮಾತ್ರ.

ನಮ್ಮೂರ ಕಡೆಯೂ ಇದೇ ಗಾಳಿ. ಕರ್ಣಾಟಕ ಬ್ಯಾಂಕು 1960ರಲ್ಲಿ ಶೃಂಗೇರಿ ಶಾರದಾ ಬ್ಯಾಂಕನ್ನೂ, 1964ರಲ್ಲಿ ಚಿತ್ರದುರ್ಗ ಬ್ಯಾಂಕನ್ನೂ, 1966ರಲ್ಲಿ ಬ್ಯಾಂಕ್ ಆಫ್ ಕರ್ನಾಟಕವನ್ನೂ ತನ್ನೊಳಗೆ ತೆಗೆದುಕೊಂಡಿತು. ಮೂಲ್ಕಿ ಸುಂದರರಾಮ ಶೆಟ್ಟರ ಮುಂದಾಳ್ತನದಲ್ಲಿ ವಿಜಯಾ ಬ್ಯಾಂಕು 1963ರಿಂದ 68ರೊಳಗೆ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಸೇರಿಸಿಕೊಂಡಿತು. ಊರಿನ ಬ್ಯಾಂಕು ದೇಶದ ಬ್ಯಾಂಕಾಯಿತು. ಒಳಗೆ ಹೋದ ಒಂಬತ್ತರಲ್ಲಿ ಎಷ್ಟರ ಹೆಸರು ನಿಮಗೆ ನೆನಪಿದೆ ಹೇಳಿ?

ಕತೆ ಅಲ್ಲಿಗೆ ಮುಗಿಯಲಿಲ್ಲ. 1980ರ ಏಪ್ರಿಲ್ 15ರಂದು ವಿಜಯಾ ಬ್ಯಾಂಕು ರಾಷ್ಟ್ರೀಕರಣವಾಯಿತು. 2018ರ ಸೆಪ್ಟೆಂಬರಿನಲ್ಲಿ ಸರ್ಕಾರ ಒಂದು ಘೋಷಣೆ ಮಾಡಿತು: ವಿಜಯಾ, ದೇನಾ ಎರಡೂ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಬೇಕು. ದೇನಾ ನಷ್ಟದಲ್ಲಿತ್ತು, ವಿಜಯಾ ಲಾಭದಲ್ಲಿತ್ತು. ಡಿಸೆಂಬರ್ 26ರಂದು ಬ್ಯಾಂಕ್ ನೌಕರರು ಮುಷ್ಕರ ಮಾಡಿದರು. 2019ರ ಏಪ್ರಿಲ್ 1ಕ್ಕೆ ಎಲ್ಲ ಮುಗಿಯಿತು. ವಿಜಯಾದ 1000 ಷೇರಿಗೆ ಬರೋಡಾದ 402, ದೇನಾದ 1000ಕ್ಕೆ 110. ನುಂಗಿದ್ದನ್ನು ಇನ್ನೊಂದು ನುಂಗಿತು!

ಇನ್ನೊಂದು ಉದಾಹರಣೆ ಮುಂಬಯಿಯದ್ದೇ. ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಇಲ್ಲಿನ ಕಾರ್ಮಿಕರಿಗಾಗಿ 1968ರಲ್ಲಿ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕು ಕಟ್ಟಿದರು. ಮುಂದೆ ಅದು ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕು. 2025ರ ಫೆಬ್ರವರಿ 13ರಂದು ರಿಸರ್ವ್ ಬ್ಯಾಂಕು ಅದರ ವ್ಯವಹಾರ ತಡೆಹಿಡಿಯಿತು; 122 ಕೋಟಿ ರೂಪಾಯಿ ದುರುಪಯೋಗದ ಆರೋಪದ ಮೇಲೆ ಪೊಲೀಸ್ ಕೇಸಾಯಿತು. ಮೊದಲ ಎರಡು ವಾರ ತಮ್ಮದೇ ಹಣ ತೆಗೆಯುವಂತಿರಲಿಲ್ಲ. ಆಮೇಲೆ 25,000ದವರೆಗೆ ಬಿಟ್ಟರು. ಆಗಸ್ಟ್ 4ಕ್ಕೆ ಅದು 1918ರ ಸಾರಸ್ವತ ಬ್ಯಾಂಕಿನಲ್ಲಿ ಸೇರಿತು. ಠೇವಣಿದಾರರಿಗೆ ಉಸಿರು ಬಂತು. ಆದರೆ ಮುಳುಗುತ್ತಿರುವವನು ದೋಣಿಯವನ ಹತ್ತಿರ ಚೌಕಾಸಿ ಮಾಡಲಿಕ್ಕೆ ಆಗುತ್ತದೆಯೇ?

ಇಷ್ಟು ಬರೆದು ನೋಡಿದಾಗ ನನಗೆ ಹೊಳೆದದ್ದು ಇದು. ಕೂಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಪ್ರಶ್ನೆಯೇ ಅಲ್ಲ. ಯಾವ ಸ್ಥಿತಿಯಲ್ಲಿ ಕೂಡುತ್ತೇವೆ, ನಮ್ಮ ಬೆಲೆಯನ್ನು ಯಾರು ಕಟ್ಟುತ್ತಾರೆ ಎಂಬುದು ಪ್ರಶ್ನೆ. 402 ಮತ್ತು 110, ಈ ಎರಡು ಅಂಕಿಗಳ ನಡುವೆ ಇರುವುದು ಲೆಕ್ಕಪುಸ್ತಕದ ಆರೋಗ್ಯ. ನನ್ನ ಗಾಲಾ ಸಣ್ಣದು ನಿಜ, ಆದರೆ ಸಾಲ ಇಲ್ಲ. ಕೂಡಿದ ಮರುದಿನ ಅವರ ಮೆಷಿನುಗಳಷ್ಟೇ ಅಲ್ಲ, ಅವರ ಸಾಲವೂ ಮನೆಯೊಳಗೆ ಬರುತ್ತದೆ. ಆಗ ಪಗಾರ ತಡವಾದರೆ ನನ್ನ ಆರು ಹುಡುಗರು ಬಂದು ನಿಲ್ಲುವುದು ನನ್ನ ಮುಂದೆಯೇ. ಬೋರ್ಡಿನ ಮೇಲಿನ ಹೆಸರಿನ ಆಸೆ ನನಗೀಗ ಅಷ್ಟಿಲ್ಲ. ವಿಜಯಾದಂಥ ಹೆಸರೇ ಉಳಿಯಲಿಲ್ಲ, ನಮ್ಮದೇನು..

ಹಾಗಾಗಿ ಆ ಮಹಾಶಯರಿಗೆ ಫೋನು ಮಾಡಿದೆ. "ಒಂದು ವರ್ಷ ಆರ್ಡರುಗಳನ್ನು ಹಂಚಿಕೊಂಡು ಕೆಲಸ ಮಾಡೋಣ, ಲೆಕ್ಕ ಬೇರೆ ಬೇರೆ ಇರಲಿ. ಆಮೇಲೂ ಮನಸ್ಸಿದ್ದರೆ ಇಬ್ಬರಿಗೂ ಸಂಬಂಧವಿಲ್ಲದ ಒಬ್ಬ ಸಿ.ಎ. ಬೆಲೆ ಕಟ್ಟಲಿ. ಈಗ ಮೂರು ವರ್ಷದ ಲೆಕ್ಕ, ಸಾಲದ ಪಟ್ಟಿ ಕಳಿಸಿ, ನನ್ನದನ್ನೂ ಕಳಿಸುತ್ತೇನೆ" ಅಂದೆ.

ನನ್ನ ಲೆಕ್ಕ ಮರುದಿನವೇ ಕಳಿಸಿದೆ. ಅವರ ವ್ಯಾಪಾರದ ಅಂಕಿಗಳು ಅಂದೇ ಸಂಜೆ ಬಂದವು. ಸಾಲದ ಪಟ್ಟಿ ಇನ್ನೂ ಬಂದಿಲ್ಲ. ಶೆಟ್ಟರಿಗೆ ಹೇಳಿದೆ. "ಹಾಗಾದ್ರೆ ಉತ್ತರ ಬಂತಲ್ಲ ಭಟ್ರೇ" ಅಂದರು. ಇನ್ನೊಂದು ವಾರ ಕಾಯುತ್ತೇನೆ.