ಸರ್ವಜ್ಞನನ್ನು ಹುಡುಕಿದ ಪಾದ್ರಿ

ವಿಜಯಪುರದವರಾದ ನಾವು ಭೂತನಾಳ ಕೆರೆಯ ನೀರು ಕುಡಿದು ಬೆಳೆದವರು. ಒಂದು ಭಾನುವಾರ ಸಂಜೆ ಆ ಕೆರೆಯ ಏರಿಯ ಮೇಲೆ ಕೂತಿದ್ದಾಗ, ಶಿಕ್ಷಕರಾಗಿರುವ ಕ್ರೈಸ್ತ ಗೆಳೆಯರೊಬ್ಬರು ಹೇಳಿದರು: "ವಚನ ಪಾಠ ಮಾಡಿದರ, ಇದೆಲ್ಲಾ ನಿಮಗ ಹ್ಯಾಂಗ ಗೊತ್ತು ಸರ್ ಅಂತಾರ." ನಾವು ನಕ್ಕೆವು. 'ಎಷ್ಟು ಚೆಂದ ಕನ್ನಡ ಮಾತಾಡ್ತೀರಿ' ಎಂಬ ಹೊಗಳಿಕೆ ಕೇಳಿ ಕೇಳಿ ಸಾಕಾದವರು ನಾವೂ ತಾನೆ! ಮಾತು ಉತ್ತಂಗಿ ಚನ್ನಪ್ಪನವರತ್ತ ಹೊರಳಿತು.

ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಹಿರಿಯರು ಹಡಗಲಿ ತಾಲ್ಲೂಕಿನ ಉತ್ತಂಗಿಯವರು. ಲಿಂಗಾಯತ ಮನೆತನದಿಂದ ಕ್ರೈಸ್ತ ಧರ್ಮಕ್ಕೆ ಬಂದವರು. ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ ಬಾಸೆಲ್ ಮಿಶನ್ನಿನ ಪಾದ್ರಿಯಾದ ಇವರು, ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿದರು. ಓಲೆಗರಿಯಲ್ಲಿದ್ದದ್ದು, ಜನರ ಬಾಯಲ್ಲಿದ್ದದ್ದು, ಎಲ್ಲವನ್ನೂ. ಸುಮಾರು ಎರಡು ಸಾವಿರ ತ್ರಿಪದಿಗಳ ಆ ಸಂಪುಟ 1924ರಲ್ಲಿ ಹೊರಬಂತು.

ಹಾಗೆಂದು ಅವರು ತಮ್ಮ ನಂಬಿಕೆಯನ್ನು ಮುಚ್ಚಿಟ್ಟುಕೊಂಡವರಲ್ಲ. 1921ರಲ್ಲೇ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಪುಸ್ತಕ ಬರೆದಿದ್ದರು. ಯೇಸುವಿನ ಮಾತನ್ನು ನೆರೆಯವರ ಮುಂದಿಡಬೇಕು, ಆದರೆ ವಿನಂತಿಯಾಗಿ. ಆ ಒಂದು ಪದ ನಮಗೆ ಬಹಳ ಹಿಡಿಸುತ್ತದೆ. ಅನುಭವ ಮಂಟಪ ಇತಿಹಾಸವಲ್ಲ, ಬರೀ ಕಲ್ಪನೆ ಎಂದು ಕೆಲವು ವಿದ್ವಾಂಸರು ವಾದಿಸಿದಾಗ, ಅದರ ಐತಿಹಾಸಿಕತೆಯ ಪರವಾಗಿ ಗ್ರಂಥವನ್ನೇ ಬರೆದವರೂ ಇದೇ ಪಾದ್ರಿ. ಅತ್ತ ನಮ್ಮೂರಿನಲ್ಲಿ ವಕೀಲ ಫ.ಗು. ಹಳಕಟ್ಟಿಯವರು 1926ರಿಂದ 'ಶಿವಾನುಭವ' ಪತ್ರಿಕೆ ನಡೆಸುತ್ತ ವಚನಗಳಿಗಾಗಿ ಜೀವ ತೇಯುತ್ತಿದ್ದ ಕಾಲವದು. ಹಳಕಟ್ಟಿಯವರದು ಮನೆಯ ಆಸ್ತಿ ಕಾಯುವ ಕೆಲಸವೆನ್ನೋಣ. ಚನ್ನಪ್ಪನವರು ಹಿರಿಯರು ಬಿಟ್ಟುಬಂದ ಮನೆಯ ದೀಪಕ್ಕೆ ಎಣ್ಣೆ ಹಾಕಿದರು. ತಮ್ಮ ಶಿಲುಬೆಯನ್ನು ಕೆಳಗಿಡದೆಯೇ ಹಾಕಿದರು.

1949ರಲ್ಲಿ ಕಲಬುರಗಿಯಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಊರು ಮತ್ತು ವರ್ಷ ಎರಡನ್ನೂ ಗಮನಿಸಬೇಕು. ಬಂದೇ ನವಾಜರ ಊರು. ಮೊದಲು ರಜಾಕಾರರ ಹಾವಳಿಯಲ್ಲಿ ಹಿಂದೂಗಳು ನಲುಗಿದ್ದರು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಸರದಿ. ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ಆಗ ಸತ್ತವರು 27ರಿಂದ 40 ಸಾವಿರ ಎಂಬುದು ಸುಂದರಲಾಲ್ ಸಮಿತಿಯ ಅಂದಾಜು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಆ ಗಾಯ ಹಸಿಯಾಗಿದ್ದಾಗಲೇ ಕನ್ನಡದ ಜನ ಅಲ್ಲಿ ಸೇರಿ, ಅಲ್ಪಸಂಖ್ಯಾತನೊಬ್ಬನನ್ನು ಅಧ್ಯಕ್ಷ ಪೀಠದಲ್ಲಿ ಕೂಡಿಸಿದರು. ಗಂಡಸರನ್ನು ಕಳೆದುಕೊಂಡ ಮನೆಗಳಿಗೆ ಅದರಿಂದೇನು ಬಂತು ಎಂದು ಕೇಳಬಹುದು. ನಾವೂ ಕೇಳಿಕೊಂಡಿದ್ದೇವೆ. ಆದರೂ ಅದನ್ನು ಸಣ್ಣದೆನ್ನಲು ಮನಸ್ಸು ಬರುವುದಿಲ್ಲ.

1962ರಲ್ಲಿ ಚನ್ನಪ್ಪನವರು ತೀರಿಕೊಂಡರು.

ಗೆಳೆಯರು ಏಳುವಾಗ ಸರ್ವಜ್ಞನ ಆ ಸಂಪುಟ ಓದಲು ಕೇಳಿದರು. ನಮ್ಮ ಪ್ರತಿಯನ್ನು ಮೊದಲೇ ಯಾರೋ ಒಯ್ದಿದ್ದರು, ಇನ್ನೂ ಮರಳಿಸಿಲ್ಲ.