ಕೊಲಾಬದ ಕಾಂತಸೂಜಿಯೂ ಉತ್ತರಧ್ರುವದ ವಿಜ್ಞಾನವೂ

1872ರ ಫೆಬ್ರವರಿ 4ರ ರಾತ್ರಿ ಮುಂಬಯಿಯ ಆಕಾಶದಲ್ಲಿ ಧ್ರುವಪ್ರಭೆ ಕಾಣಿಸಿಕೊಂಡಿತು. ಉತ್ತರದ ಹಿಮಪ್ರದೇಶಗಳ ನಿವಾಸಿಗಳಿಗೆ ಪರಿಚಿತವಾದ ಈ ಬೆಳಕು ಅರಬ್ಬೀ ಸಮುದ್ರದ ತೀರದಲ್ಲಿ ತೋರಿದುದು ಅತ್ಯಂತ ವಿರಳವಾದ ಘಟನೆ. ಅದೇ ಹೊತ್ತಿನಲ್ಲಿ ಮುಂಬಯಿಗೂ ಏಡನ್ನಿಗೂ ನಡುವಣ ಸಮುದ್ರತಂತಿಯ ವ್ಯವಹಾರವು ಅಸ್ತವ್ಯಸ್ತವಾಯಿತು. ಕೊಲಾಬದ ವೇಧಶಾಲೆಯಲ್ಲಿ ಕಾಂತಸೂಜಿಯು ತನ್ನ ನೆಲೆಯಿಂದ ಬಹುವಾಗಿ ಕದಲಿತು. ಧ್ರುವಪ್ರದೇಶವು ಮುಂಬಯಿಗೆ ಸಂಬಂಧಪಡದ ಲೋಕವೆಂದು ಬಗೆಯುವವರಿಗೆ ಈ ಒಂದು ರಾತ್ರಿಯ ವೃತ್ತಾಂತವೇ ಸಾಕಾದ ಸಮಾಧಾನವಾಗಿದೆ.

ಕೊಲಾಬದ ವೇಧಶಾಲೆಯನ್ನು ಈಸ್ಟ್ ಇಂಡಿಯಾ ಕಂಪನಿಯು 1826ರಲ್ಲಿ ಸ್ಥಾಪಿಸಿತು. ಬಂದರಿಗೆ ಬರುವ ಹಡಗುಗಳಿಗೆ ಸರಿಯಾದ ವೇಳೆಯನ್ನು ತಿಳಿಸುವುದು ಅದರ ಮೊದಲಿನ ಕಾರ್ಯಗಳಲ್ಲೊಂದು. ಆ ಬಳಿಕ ಜರ್ಮನಿಯ ಗೌಸ್ ಮತ್ತು ವೇಬರ್ ಎಂಬ ಪಂಡಿತರು, ಭೂಮಿಯ ಕಾಂತಶಕ್ತಿಯ ಏರಿಳಿತಗಳನ್ನು ನಾನಾ ದೇಶಗಳಲ್ಲಿ ಏಕಕಾಲಕ್ಕೆ ಅಳೆಯಬೇಕೆಂಬ ಪದ್ಧತಿಯನ್ನು ರೂಢಿಗೆ ತಂದರು. ಈ ಜಾಗತಿಕ ಉದ್ಯಮದ ಅಂಗವಾಗಿ 1841ರಲ್ಲಿ ಕೊಲಾಬದಲ್ಲಿಯೂ ಕಾಂತಮಾಪನವು ಆರಂಭವಾಯಿತು. ಮೊದಲಿನ ಮೂರು ದಶಕಗಳಲ್ಲಿ ಈ ಕೆಲಸವು ಕಣ್ಣಿನಿಂದಲೇ ನಡೆಯಿತು. ಸೂಜಿಯು ಶಾಂತವಾಗಿದ್ದಾಗ ಗಂಟೆಗೊಮ್ಮೆ, ಕ್ಷೋಭೆಗೊಂಡಾಗ ಹದಿನೈದು ಅಥವಾ ಐದು ನಿಮಿಷಕ್ಕೊಮ್ಮೆ, ಅದರ ನೆಲೆಯನ್ನು ನೋಡಿ ಬರೆದಿಡುತ್ತಿದ್ದರು.

ಈ ಶ್ರದ್ಧೆಯ ಬೆಲೆ ತಿಳಿದುದು ಬಹುಕಾಲದ ಮೇಲೆ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ನನು ಸೂರ್ಯಬಿಂಬದಲ್ಲಿ ಒಂದು ಅಸಾಧಾರಣ ಪ್ರಜ್ವಲನವನ್ನು ಕಂಡನು. ಮರುದಿನ ಭೂಮಿಯನ್ನೆಲ್ಲ ಆವರಿಸಿದ ಮಹಾ ಕಾಂತಕ್ಷೋಭೆಯಲ್ಲಿ ಕೊಲಾಬದ ಮಾಪಕವು ಸುಮಾರು 1600 ನ್ಯಾನೋಟೆಸ್ಲಾಗಳಷ್ಟು ಇಳಿತವನ್ನು ತೋರಿಸಿತು. ಆ ಕ್ಷೋಭೆಯ ಪ್ರಮಾಣವನ್ನು ನಿರ್ಣಯಿಸಲು ಹೊರಟ ಭಾರತ, ಅಮೆರಿಕ ಮತ್ತು ಬ್ರೆಜಿಲ್ ದೇಶಗಳ ವಿಜ್ಞಾನಿಗಳಿಗೆ 2003ರಲ್ಲಿ ಆಧಾರವಾದುದು ಕೊಲಾಬದ ಈ ದಾಖಲೆಯೇ.

ಉತ್ತರದ ಹಿಮಪ್ರದೇಶಗಳಲ್ಲಿ ಇಂತಹ ಸಹಕಾರವು ತಡವಾಗಿ ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೊಂದು ರಾಷ್ಟ್ರವೂ ತನ್ನ ಧ್ವಜವನ್ನು ಇನ್ನಷ್ಟು ಉತ್ತರಕ್ಕೆ ಒಯ್ಯಬೇಕೆಂಬ ಹಟದಿಂದ ನೌಕೆಗಳನ್ನು ಕಳುಹಿಸುತ್ತಿದ್ದಿತು. ಇಂತಹ ಸ್ಪರ್ಧೆಯಿಂದ ಜ್ಞಾನವು ಬೆಳೆಯದೆಂದು 1875ರಲ್ಲಿ ಸಾರಿದವನು ಆಸ್ಟ್ರಿಯಾ–ಹಂಗೇರಿಯ ನೌಕಾಧಿಕಾರಿ ಕಾರ್ಲ್ ವೈಪ್ರೆಕ್ಟ್. ಅವನು 1881ರಲ್ಲಿ ತೀರಿಕೊಂಡರೂ, ಅವನ ಯೋಜನೆಯು 1882–83ರ ಅಂತರರಾಷ್ಟ್ರೀಯ ಧ್ರುವವರ್ಷವಾಗಿ ಫಲಿಸಿತು. ಉತ್ತರದಲ್ಲಿ ಹನ್ನೆರಡು, ದಕ್ಷಿಣದಲ್ಲಿ ಎರಡು ಠಾಣ್ಯಗಳು ಏರ್ಪಟ್ಟವು. ಇದಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ: ಲೇಡಿ ಫ್ರಾಂಕ್ಲಿನ್ ಕೊಲ್ಲಿಗೆ ಹೋದ ಅಮೆರಿಕದ 25 ಜನರ ತಂಡದಲ್ಲಿ ಬದುಕಿ ಮನೆ ಸೇರಿದವರು ಆರೇ ಮಂದಿ.

ಆದರೆ ಧ್ರುವದ ಠಾಣ್ಯಗಳ ಆಯುಷ್ಯವು ಬಹುಮಟ್ಟಿಗೆ ಒಂದು ವರ್ಷದ್ದು. ಅಲ್ಲಿ ಕಂಡ ಕ್ಷೋಭೆಯು ಆ ಪ್ರದೇಶಕ್ಕೆ ಸೀಮಿತವಾದುದೋ ಭೂಮಂಡಲವನ್ನೆಲ್ಲ ವ್ಯಾಪಿಸಿದುದೋ ಎಂದು ತಿಳಿಯಬೇಕಾದರೆ, ದೂರದ ಉಷ್ಣಪ್ರದೇಶದ ಸ್ಥಿರವಾದ ವೇಧಶಾಲೆಗಳ ಅಂಕಿಗಳೊಡನೆ ತಾಳೆ ನೋಡುವುದು ಅನಿವಾರ್ಯ. 1882ರ ನವೆಂಬರಿನ ಮಹಾಕ್ಷೋಭೆಯು ಕೊಲಾಬದಲ್ಲಿಯೂ ದಾಖಲಾಯಿತು. ಹಿಮದಲ್ಲಿ ಪ್ರಾಣ ತೆತ್ತವರ ಶ್ರಮಕ್ಕೆ ಅರ್ಥವನ್ನು ಕೊಡುವಲ್ಲಿ, ಸೆಕೆಯ ನಾಡಿನಲ್ಲಿ ಕುಳಿತು ದಿನವೂ ಅಂಕಿಯನ್ನು ಬರೆದಿಟ್ಟವರ ಶ್ರಮಕ್ಕೂ ಪಾಲುಂಟು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಸರಣಿಗೆ ವಿಪತ್ತು ಒದಗಿತು. ಮುಂಬಯಿಯಲ್ಲಿ ಕುದುರೆಗಳು ಎಳೆಯುತ್ತಿದ್ದ ಟ್ರಾಮಿಗೆ ವಿದ್ಯುತ್ತನ್ನು ಅಳವಡಿಸುವ ನಿರ್ಧಾರವಾಯಿತು. ಟ್ರಾಮಿನ ಹಳಿಗಳಿಂದ ನೆಲಕ್ಕೆ ಸೋರುವ ವಿದ್ಯುತ್ಪ್ರವಾಹವು ಕಾಂತಸೂಜಿಯನ್ನು ಕದಲಿಸುವುದರಿಂದ, ಭೂಮಿಯ ಚಲನವಲನವಾವುದು, ನಗರದ್ದಾವುದು ಎಂಬ ವಿವೇಚನೆಯೇ ಅಸಾಧ್ಯವಾಗುತ್ತದೆ. ವೇಧಶಾಲೆಯ ಪ್ರಥಮ ಭಾರತೀಯ ನಿರ್ದೇಶಕರಾದ ನಾನಾಭಾಯಿ ಆರ್ದೇಶೀರ್ ಫ್ರಾಮ್‌ಜಿ ಮೂಸರ ಕಾಲದಲ್ಲಿ, ಸಮುದ್ರದಾಚೆಯ ಅಲಿಬಾಗಿನಲ್ಲಿ ಕಬ್ಬಿಣವನ್ನು ಬಳಸದೆ ಪೋರಬಂದರದ ಕಲ್ಲಿನಿಂದ ಹೊಸ ಕಟ್ಟಡವು ನಿರ್ಮಾಣವಾಯಿತು. 1904ರಿಂದ 1906ರ ವರೆಗೆ ಎರಡೂ ಕಡೆ ಏಕಕಾಲದಲ್ಲಿ ಅಳತೆಗಳನ್ನು ತೆಗೆದು ಹೋಲಿಸಲಾಯಿತು. ವಿದ್ಯುತ್ ಟ್ರಾಮು ಓಡಿದುದು 1907ರಲ್ಲಿ. 1846ರಿಂದ 1905ರ ವರೆಗಿನ ಕೊಲಾಬದ ಅಂಕಿಗಳನ್ನು ಮೂಸರು ಎರಡು ಸಂಪುಟಗಳಲ್ಲಿ ಹೊರತಂದರು.

ಇಲ್ಲಿ ನಗರದ ಅಭಿವೃದ್ಧಿಗಾಗಿ ವಿಜ್ಞಾನವು ಸ್ಥಳವನ್ನು ತೆರವು ಮಾಡಿತು. ಧ್ರುವಪ್ರದೇಶದಲ್ಲಿ ಇದಕ್ಕೆ ವ್ಯತಿರಿಕ್ತವಾದ ಒಂದು ನಿದರ್ಶನವಿದೆ. ಸ್ಪಿಟ್ಸ್‌ಬರ್ಗನ್ ದ್ವೀಪದ ನೀ-ಓಲೆಸುಂಡ್ ಕಲ್ಲಿದ್ದಲ ಗಣಿಗಾಗಿ ಹುಟ್ಟಿದ ಊರು. 1962ರ ಸ್ಫೋಟದಲ್ಲಿ 21 ಮಂದಿ ಕಾರ್ಮಿಕರು ಮಡಿದ ಮೇಲೆ ಗಣಿಯು ಮುಚ್ಚಿತು. ಕ್ರಮೇಣ ಆ ಊರು ಅನೇಕ ರಾಷ್ಟ್ರಗಳ ಸಂಶೋಧನಾಕೇಂದ್ರವಾಗಿ ಮಾರ್ಪಟ್ಟಿತು. ಅಗೆದು ಮುಗಿಸುವ ಸಂಪತ್ತಿನ ಸ್ಥಾನದಲ್ಲಿ ಕೂಡಿಟ್ಟು ಬೆಳೆಸುವ ಸಂಪತ್ತು ಬಂದಿತೆನ್ನಬಹುದು. ಈ ದ್ವೀಪಸಮೂಹದ ಮೇಲೆ ನಾರ್ವೆಯ ಒಡೆತನವನ್ನು ಒಪ್ಪಿ, ಸಹಿದಾರ ರಾಷ್ಟ್ರಗಳ ಪ್ರಜೆಗಳಿಗೆ ಅಲ್ಲಿ ಉದ್ಯಮದ ಸಮಾನ ಹಕ್ಕನ್ನಿತ್ತ 1920ರ ಪ್ಯಾರಿಸ್ ಒಪ್ಪಂದದಲ್ಲಿ ಅಂದಿನ ಬ್ರಿಟಿಷ್ ಭಾರತವೂ ಸೇರಿದ್ದಿತು. 2008ರ ಜುಲೈಯಲ್ಲಿ ಅದೇ ಊರಿನಲ್ಲಿ ಭಾರತದ ‘ಹಿಮಾದ್ರಿ’ ಕೇಂದ್ರವು ತೆರೆಯಿತು.

ಉತ್ತರಧ್ರುವದ ವಿಜ್ಞಾನದಲ್ಲಿ ಭಾರತದ ಪಾತ್ರವು 2008ರಲ್ಲಿಯೇ ಮೊದಲಾಯಿತೆಂದು ಹೇಳುವ ವಾಡಿಕೆಯುಂಟು. ಕೊಲಾಬದ ಇತಿಹಾಸವನ್ನು ಬಲ್ಲವರು ಈ ಮಾತನ್ನು ಪೂರ್ತಿಯಾಗಿ ಒಪ್ಪಲಾರರು. ಧ್ರುವಕ್ಕೆ ಹೋಗದೆಯೂ ಧ್ರುವದ ಜ್ಞಾನಕ್ಕೆ ನೆರವಾದ ಪರಂಪರೆಯೊಂದು ಈ ನಗರದಲ್ಲಿದ್ದಿತು. ಆ ಪರಂಪರೆಯ ಹಿರಿಮೆಯು ಬರಿಯ ಉಪಕರಣಗಳದ್ದಲ್ಲ. ಹಳೆಯ ನೆಲೆಯನ್ನು ಬಿಡಲೇಬೇಕಾಗಿ ಬಂದಾಗ ಹೊಸ ನೆಲೆಯೊಡನೆ ಎರಡು ವರ್ಷ ಅಳತೆಯನ್ನು ತಾಳೆ ನೋಡಿ, ಎಳೆ ಕಡಿಯದಂತೆ ಕಾಪಾಡಿದ ಎಚ್ಚರವೇ ಅದರ ತಿರುಳು. ಊರು ಬಿಟ್ಟು ಬಂದು ಈ ನಗರದಲ್ಲಿ ನೆಲೆಸಿದ ಜನಕ್ಕೆ ಅಂತಹ ಎಚ್ಚರದ ಬೆಲೆಯನ್ನು ಬೇರೆಯವರು ತಿಳಿಸಬೇಕಾಗಿಲ್ಲ.